ಧೂಪದಾಳದ ಒಡ್ಡು ಮತ್ತು ಪಕ್ಷಿಗಳ ಆಶ್ರಯ

ಮನುಷ್ಯನು ತನ್ನ ಅಗತ್ಯಕ್ಕಾಗಿ ಕೈಗೊಂಡ ಕಾರ್ಯವು ಕಾಲಾಂತರದಲ್ಲಿ ಇತರ ಜೀವಿಗಳಿಗೂ ಆಶ್ರಯವಾಗುವುದುಂಟು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನಾವು ಇದರ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಧೂಪದಾಳದ ಒಡ್ಡು ಹಾಗೂ ಅದರ ಹಿನ್ನೀರಿನಲ್ಲಿರುವ ಘಟಪ್ರಭಾ ಪಕ್ಷಿಧಾಮವೇ ಅದಕ್ಕೆ ಸಾಕ್ಷಿ.

1876-78ರ ಭೀಕರ ಕ್ಷಾಮವು ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳನ್ನು ತತ್ತರಗೊಳಿಸಿತು. ಕೇವಲ ಮಳೆಯನ್ನು ನಂಬಿದ ಒಕ್ಕಲುತನದ ಅಸ್ಥಿರತೆಯು ಆಗ ಎಲ್ಲರ ಕಣ್ಣಿಗೂ ಬಿದ್ದಿತು. 1897ರ ವೇಳೆಗೆ ಘಟಪ್ರಭಾ ನದಿಗೆ ಧೂಪದಾಳದ ಬಳಿ ಒಡ್ಡು ಸಿದ್ಧವಾಗಿ, ಎಡದಂಡೆಯ ಕಾಲುವೆಗೆ ನೀರು ಹರಿಯಿತು. ಮುಂದೆ ಮೇಲ್ಭಾಗದಲ್ಲಿ ಹಿಡಕಲ್ ಅಣೆಕಟ್ಟು ಎದ್ದ ಮೇಲೆಯೂ ಧೂಪದಾಳದ ಕೆಲಸ ನಿಲ್ಲಲಿಲ್ಲ. ಅಲ್ಲಿಂದ ಬಿಟ್ಟ ನೀರು ಇಂದಿಗೂ ಈ ಒಡ್ಡಿಗೆ ಬಂದು ಕಾಲುವೆಯನ್ನು ಸೇರುತ್ತದೆ.

ಒಡ್ಡು ಕಟ್ಟಿದವರ ಲೆಕ್ಕದಲ್ಲಿ ಪಕ್ಷಿಗಳಿರಲಿಲ್ಲ. ಆದರೆ ತಡೆದು ನಿಂತ ನೀರಿನೊಡನೆ ಹೂಳೂ ನಿಂತಿತು. ಆಳವಿಲ್ಲದ ನೀರು, ಕೆಸರಿನ ದಡ, ಆಪು ಬೆಳೆದ ನಡುಗಡ್ಡೆಗಳು ಉಂಟಾದವು. ಮೀನು, ಕಪ್ಪೆ, ಹುಳುಗಳು ಹೆಚ್ಚಿದವು. ನೀಳಕಾಲಿನ ಪಕ್ಷಿಯು ಈಜಿ ಬದುಕುವುದಿಲ್ಲ, ನಿಂತು ಆಹಾರ ಹುಡುಕುತ್ತದೆ. ಅದಕ್ಕೆ ಬೇಕಾದುದು ಆಳದ ನೀರಲ್ಲ, ಮೊಣಕಾಲುದ್ದದ ನೀರು. 1974ರಲ್ಲಿ ಈ ಪ್ರದೇಶದ 29.78 ಚದರ ಕಿಲೋಮೀಟರು ಪಕ್ಷಿಧಾಮವೆಂದು ಘೋಷಿತವಾಯಿತು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನ ಕಥೆಯೂ ಇಂಥದೇ. 17ನೆಯ ಶತಮಾನದಲ್ಲಿ ಮೈಸೂರು ಅರಸರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ಅಲ್ಲಿಯ ನಡುಗಡ್ಡೆಗಳು ರೂಪುಗೊಂಡವು. ಪಕ್ಷಿವಿಜ್ಞಾನಿ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು.

ಘಟಪ್ರಭೆಗೆ ಚಳಿಗಾಲದಲ್ಲಿ ಬರುವ ಅತಿಥಿಗಳಲ್ಲಿ ಯುರೋಪಿನ ಬಿಳಿ ಕೊಕ್ಕರೆಯೂ ಡೆಮೊಸೆಲ್ ಎಂಬ ಕ್ರೌಂಚವೂ ಹೆಸರಾಗಿವೆ. ಮಧ್ಯ ಏಷ್ಯದ ಹುಲ್ಲುಗಾವಲುಗಳಲ್ಲಿ ಮರಿಮಾಡುವ ಈ ಕ್ರೌಂಚವನ್ನು ರಾಜಸ್ಥಾನದಲ್ಲಿ ಕುರ್ಜಾ ಎನ್ನುವರು. ಫಲೋದಿ ಸಮೀಪದ ಖೀಚನ್ ಗ್ರಾಮದಲ್ಲಿ ಜೈನ ಮನೆತನಗಳು ಮೊದಲುಗೊಂಡು ಊರವರು ದಶಕಗಳಿಂದ ಇವುಗಳಿಗೆ ಕಾಳು ಹಾಕುತ್ತಾ ಬಂದಿದ್ದಾರೆ. ಸಾವಿರಾರು ಪಕ್ಷಿಗಳು ಅಲ್ಲಿ ನಿರ್ಭಯವಾಗಿ ಇಳಿಯುತ್ತವೆ. 2025ರಲ್ಲಿ ಖೀಚನ್ ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು.

ಹಾಗೆಂದು ನಾವೂ ಧೂಪದಾಳಕ್ಕೆ ಕಾಳಿನ ಚೀಲ ಹೊತ್ತು ಹೋಗಬೇಕೆಂದಲ್ಲ. ಇಲ್ಲಿ ಹೊಲವೂ ಕೆಸರೂ ಪಕ್ಷಿಗಳಿಗೆ ಆಹಾರ ಒದಗಿಸುತ್ತಿವೆ. ಅವು ನಮ್ಮಿಂದ ಬಯಸುವುದು ದಾನವನ್ನಲ್ಲ, ನೆಮ್ಮದಿಯನ್ನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆ ಎಂಬ ಶಬ್ದಕ್ಕೆ ಕೊಟ್ಟ ಅರ್ಥದಲ್ಲಿ, ಕಾಡುಪಕ್ಷಿಗಳ ಮೊಟ್ಟೆ ಹಾಗೂ ಗೂಡುಗಳನ್ನು ಕದಡುವುದೂ ಸೇರಿದೆ. ಕೊಲ್ಲದಿದ್ದರೂ ಅದು ಬೇಟೆಯೇ! ಈ ವಿಚಾರ ನಮಗೆ ಹೊಸದಲ್ಲ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಅಂದರೆ ಜೀವಿಯ ಆಹಾರ ನೀರುಗಳಿಗೆ ಅಡ್ಡಿಯಾಗುವುದು. ಸಾಕಿದ ಪಶುವಿನ ವಿಷಯದಲ್ಲಿ ಇದನ್ನು ನಾವು ಬಲ್ಲೆವು. ಸಾವಿರಾರು ಮೈಲಿ ಹಾರಿ ದಣಿದು, ಕೆಸರಿನಲ್ಲಿ ಆಹಾರ ಹುಡುಕುತ್ತಿರುವ ಹಿಂಡನ್ನು ಚಿತ್ರಕ್ಕಾಗಿ ಅಟ್ಟಿ ಹಾರಿಸುವುದೂ ಇದೇ ದೋಷಕ್ಕೆ ಸಮನಲ್ಲವೇ? ಪ್ರತಿಯೊಂದು ಹಾರಾಟವೂ ಹಿಂದಿರುಗುವ ಪ್ರಯಾಣಕ್ಕಾಗಿ ಅವು ಕೂಡಿಟ್ಟ ಶಕ್ತಿಯ ವೆಚ್ಚವೇ ಆಗಿದೆ.

ನವೆಂಬರಿನಿಂದ ಮಾರ್ಚಿಯವರೆಗೆ ಇಲ್ಲಿ ಪಕ್ಷಿವೀಕ್ಷಣೆಗೆ ಯೋಗ್ಯ ಕಾಲ. ಶ್ರಾವಕ ಕುಟುಂಬಗಳು ಮಕ್ಕಳೊಡನೆ ಮುಂಜಾನೆಯೇ ಹೋಗಲಿ. ದೂರದರ್ಶಕವಿರಲಿ, ಸದ್ದು ಬೇಡ. ಕ್ಷೇತ್ರದರ್ಶನಕ್ಕೆ ಯಾತ್ರಿಕರನ್ನು ಕರೆದೊಯ್ಯುವ ಬಸದಿಯ ಟ್ರಸ್ಟುಗಳು ದಾರಿಯಲ್ಲಿ ಇಲ್ಲಿಯೂ ನಿಲ್ಲುವುದಾದರೆ ಧ್ವನಿವರ್ಧಕ, ಪ್ಲಾಸ್ಟಿಕ್ ಎಲೆ-ಲೋಟಗಳನ್ನು ದಡದಿಂದ ದೂರವಿಡುವ ನಿಯಮವನ್ನು ಮಾಡಲಿ. ಇದಕ್ಕೆ ಹಣದ ವೆಚ್ಚವಿಲ್ಲ, ಸಂಯಮವೊಂದೇ ಸಾಕು.

ಒಡ್ಡು ಕಟ್ಟಿದವರು ಅರಿಯದೆಯೇ ಪಕ್ಷಿಗಳಿಗೆ ನೆಲೆ ಕೊಟ್ಟರು. ಅದನ್ನು ಅರಿತ ನಾವು ಆ ನೆಲೆಯನ್ನು ಉಳಿಸದೆ ಹೋದರೆ, ನಮ್ಮ ಅರಿವಿಗೆ ಬೆಲೆಯೇನು?