ಲಿದ್ದರ್ ನದಿಯ ಪಂಚಾಂಗ

ಕಾಶ್ಮೀರದ ಲಿದ್ದರ್ ನದಿಗೆ ಕೊಲಹೊಯ್ ಹಿಮನದಿಯ ನೀರು ಬರುತ್ತದೆ. ಹಿಮ ಜೋರಾಗಿ ಕರಗತೊಡಗಿದರೆ ನೀರು ಕದಡಿ ಬಂಡೆಗಳ ನಡುವೆ ನುಗ್ಗುತ್ತದೆ; ಗರಿ ಸುತ್ತಿ ಮಾಡಿದ ಹುಸಿನೊಣದ ಗಾಳ ಮೀನಿನ ಕಣ್ಣಿಗೇ ಬೀಳುವುದಿಲ್ಲ. ಗಾಳಗಾರರು ಅದಕ್ಕೂ ಮುಂಚಿನ ತಿಳಿನೀರಿಗೆ ಕಾಯುತ್ತಾರೆ, ಇಲ್ಲವೇ ದಡದ ಕಲ್ಲುಗಳ ಮರೆಯಲ್ಲಿ ಬೀಸುತ್ತಾರೆ.

ಅವರು ಅರಸುವ ಕಂದು ಟ್ರೌಟ್ ಅಲ್ಲಿನ ಮೀನಲ್ಲ. 1899ರಲ್ಲಿ ಬ್ರಿಟನ್ನಿನಿಂದ ಹೊರಟ ಮೊಟ್ಟೆಗಳು ದಾರಿಯಲ್ಲೇ ಹಾಳಾದವು. 1900ರಲ್ಲಿ ಬಂದವು ಉಳಿದವು. ಶ್ರೀನಗರದಲ್ಲಿ ರತ್ನಗಂಬಳಿ ಕಾರ್ಖಾನೆ ನಡೆಸುತ್ತಿದ್ದ ಫ್ರಾಂಕ್ ಮಿಚೆಲ್ ಅವನ್ನು ಸಾಕಿದ. ಮುಂದೆ ಹಾರ್ವನ್‌ನಲ್ಲಿ ಮರಿ ಸಾಕಣೆ ಕೇಂದ್ರವೇ ಎದ್ದಿತು. ನದಿಯನ್ನು 'ಬೀಟ್'ಗಳಾಗಿ ಹಂಚಿ ಪರವಾನಗಿ ಕೊಡುವ ಪದ್ಧತಿಯೂ ಬಂತು.

ಪರಿಸರ ಚರಿತ್ರೆಯ ಸಂಶೋಧನೆಗೆ ಕೂತ ನನ್ನನ್ನು ಕಾಡುವುದು ಈ ವ್ಯವಸ್ಥೆಯ ಪಂಚಾಂಗ. ಟ್ರೌಟ್ ಮೊಟ್ಟೆಯಿಡುವುದು ಚಳಿಯಲ್ಲಿ. ಆಗ ಗಾಳ ಹಾಕುವಂತಿಲ್ಲ. ಅಲ್ಲಿಯದೇ ಆದ ಹಿಮ ಟ್ರೌಟ್ (ಹೆಸರಷ್ಟೇ ಟ್ರೌಟ್, ಕುಲದಲ್ಲಿ ನಮ್ಮ ಗೆಂಡೆಯ ನೆಂಟ) ಮೊಟ್ಟೆಯಿಡಲು ಹೊಳೆ ಏರುವುದು ಹಿಮ ಕರಗುವ ಕಾಲಕ್ಕೆ. ಮೋಜಿಗೆಂದು ತಂದ ಮೀನಿಗೆ ಕಾನೂನೇ ಬಾಣಂತನ ಮಾಡಿತು. ಅದೇ ಮೀಸಲು ನೀರಿನಲ್ಲಿ ಬಲೆ ಬೀಸಿದ ಊರಿನವನು ಕಳ್ಳನಾದ. ಈಗಲೂ ಅಲ್ಲಿ ಗಾಳದ ಋತು ತೆರೆಯುವುದು ಮಾರ್ಚ್-ಏಪ್ರಿಲ್ ಹೊತ್ತಿಗೆ.