ಘಟಪ್ರಭೆಯ ಮೂರು ತಾಲ್ಲೂಕು: ಸುಸ್ಥಿರ ನಾಳೆಗೆ ಶಿಕ್ಷಣದ ಪಾಲು

ಇಂದಿನ ಅಗತ್ಯ ತೀರಿಸಿಕೊಳ್ಳುವಾಗ ಮುಂದಿನ ತಲೆಮಾರಿನ ಪಾಲನ್ನು ಉಳಿಸಿಡುವುದೇ ಸುಸ್ಥಿರ ಅಭಿವೃದ್ಧಿ. 1987ರ ಬ್ರಂಟ್‌ಲ್ಯಾಂಡ್ ಆಯೋಗದ ವರದಿ ಈ ಪರಿಕಲ್ಪನೆಯನ್ನು ಜಗತ್ತಿನೆಲ್ಲೆಡೆ ಬಳಕೆಗೆ ತಂದಿತು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಆ ಪಾಲು ಎಂದರೆ ಮುಖ್ಯವಾಗಿ ನೀರು ಮತ್ತು ಮಣ್ಣು. ಮೂರೂ ತಾಲ್ಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ.

ನದಿ ಮತ್ತು ದುಡಿಮೆ

ಪಶ್ಚಿಮ ಘಟ್ಟದಲ್ಲಿ ಹುಟ್ಟುವ ಘಟಪ್ರಭೆ ಗೋಕಾಕದ ಬಳಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಈ ಜಲಪಾತದ ಪಕ್ಕದಲ್ಲೇ 1885ರಲ್ಲಿ ಗೋಕಾಕ ಮಿಲ್ ಆರಂಭವಾಯಿತು. ಮುಂದೆ ಇಲ್ಲಿ ಜಲವಿದ್ಯುತ್ ಕೂಡ ತಯಾರಾಯಿತು. ಇದೇ ನದಿಗೆ ಕಟ್ಟಿದ, ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ಸಾಮರ್ಥ್ಯ 51 ಟಿಎಂಸಿ. ವಂಟಮುರಿಯ ರಾಜಾ ಲಖಮಗೌಡರ ಹೆಸರು ಈ ಜಲಾಶಯಕ್ಕೂ ಇದೆ, ಬೆಳಗಾವಿಯ ಕಾನೂನು ಕಾಲೇಜಿಗೂ ಇದೆ. ಕಾಲುವೆ ನೀರು ಬಂದಂತೆ ಕಬ್ಬು ಹಬ್ಬಿತು, ಸಕ್ಕರೆ ಕಾರ್ಖಾನೆಗಳು ಎದ್ದವು.

ಸವಳಿನ ಪಾಠ

ಕಪ್ಪು ಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ವರ್ಷವಿಡೀ ನಿಲ್ಲುವ ಕಬ್ಬಿಗೆ ಹಾಯಿನೀರು ಕೊಡುತ್ತಲೇ ಇದ್ದರೆ ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ. ಬಿಸಿಲಿಗೆ ನೀರು ಆರಿ, ಅದರಲ್ಲಿದ್ದ ಲವಣ ಮೇಲೆ ಉಳಿಯುತ್ತದೆ. ರೈತರು ಇದನ್ನೇ ಸವಳು ಎನ್ನುತ್ತಾರೆ. ಹನಿ ನೀರಾವರಿ, ಬಸಿಗಾಲುವೆ, ಸೆಣಬು ಮತ್ತು ಡಯಂಚದಂಥ ಹಸಿರೆಲೆ ಗೊಬ್ಬರ ಇದನ್ನು ತಡೆಯಲು ನೆರವಾಗುತ್ತವೆ; ಕ್ಷಾರ ಹೆಚ್ಚಿರುವಲ್ಲಿ ಜಿಪ್ಸಂ ಬೇಕು. ಯಾವುದು ಎಷ್ಟು ಎಂಬುದು ಮಣ್ಣು ಪರೀಕ್ಷೆಯಿಂದಲೇ ತಿಳಿಯಬೇಕು. ಕಟಾವಾದ ಮೇಲೆ ರವದಿಗೆ (ಕಬ್ಬಿನ ಒಣ ಗರಿಗೆ) ಬೆಂಕಿ ಹಚ್ಚುವ ಬದಲು ಕೂಳೆ ಬೆಳೆಯ ಸಾಲುಗಳ ನಡುವೆ ಹರವಿದರೆ ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ.

ಹೊಲಕ್ಕೆ ಹತ್ತಿರದ ಸಂಸ್ಥೆಗಳು

ಈ ಭಾಗದ ಅರಭಾವಿಯಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಕಾಲೇಜು ಇದೆ. ಮೊದಲು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿದ್ದ ಇದು ಈಗ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಓದು ಬಿಟ್ಟು ಬೇಸಾಯಕ್ಕಿಳಿದವರಿಗೂ ತೆರೆದಿರುವ ಶಾಲೆ: ಇಂಥ ಕೇಂದ್ರಗಳಲ್ಲಿ ಪಾಠ ನಡೆಯುವುದು ತರಬೇತಿ ಮತ್ತು ಪ್ರಾತ್ಯಕ್ಷಿಕೆಯ ಮೂಲಕ.

ಶಾಲೆಯೊಳಗೆ

ಎಲ್ಲ ಹಂತಗಳ ಶಿಕ್ಷಣದಲ್ಲಿ ಪರಿಸರ ವಿಷಯ ಇರಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ನಿರ್ದೇಶಿಸಿತು. ಪ್ರಾಥಮಿಕ ತರಗತಿಗಳ ಪರಿಸರ ಅಧ್ಯಯನ, ಶಾಲೆಗಳ ಇಕೋ ಕ್ಲಬ್, ಬಿಸಿಯೂಟಕ್ಕೆ ಸೊಪ್ಪು ತರಕಾರಿ ಬೆಳೆಯುವ ಕೈತೋಟ ಈ ಕೆಲಸದ ದಾರಿಗಳು. ಈ ಭಾಗದ ಮಕ್ಕಳಿಗೆ ಪಠ್ಯದ ಆಚೆಗೂ ಉದಾಹರಣೆಗಳಿವೆ. 1974ರಲ್ಲಿ ಘೋಷಿತವಾದ ಘಟಪ್ರಭಾ ಪಕ್ಷಿಧಾಮ ಧೂಪದಾಳದ ಒಡ್ಡಿನ ಹಿನ್ನೀರಿನಲ್ಲಿದೆ. ಚಳಿಗಾಲದಲ್ಲಿ ಅಲ್ಲಿಗೆ ದೂರದ ಹಕ್ಕಿಗಳು ಬರುತ್ತವೆ. 2019ರ ಆಗಸ್ಟಿನಲ್ಲಿ ನದಿ ಉಕ್ಕಿ ಗೋಕಾಕಕ್ಕೆ ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. ನೆರೆ ಯಾವ ಓಣಿಯವರೆಗೆ ಬಂದಿತ್ತು ಎಂದು ಮಕ್ಕಳೇ ನಕ್ಷೆ ಬರೆದರೆ ಭೂಗೋಳದ ಪಾಠ ಊರಿನ ರಕ್ಷಣೆಗೂ ಒದಗುತ್ತದೆ.

ಕಟಾವಿನ ಹಂಗಾಮು

ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳು ಶಾಲೆ ನಡೆಯುವ ತಿಂಗಳುಗಳಲ್ಲೇ ಬರುತ್ತವೆ. ದೂರದಿಂದ ಬರುವ ಕಟಾವಿನ ಗ್ಯಾಂಗುಗಳ ಜೊತೆ ಮಕ್ಕಳೂ ಬಂದಾಗ ಅವರ ಓದು ನಿಲ್ಲುತ್ತದೆ. ಟೆಂಟ್ ಶಾಲೆ, ಹತ್ತಿರದ ಶಾಲೆಗೆ ತಾತ್ಕಾಲಿಕ ದಾಖಲಾತಿ ಇದಕ್ಕೆ ಪರಿಹಾರಗಳು. 6ರಿಂದ 14 ವರ್ಷದವರಿಗೆ ಶಿಕ್ಷಣದ ಹಕ್ಕು ಕೊಟ್ಟ 2009ರ ಕಾಯ್ದೆ ಕಟಾವಿನವರ ಗುಡಿಸಲುಗಳ ಮಕ್ಕಳಿಗೂ ಅನ್ವಯಿಸುತ್ತದೆ.

ಪಾಠದ ಮಿತಿ, ಪಾಠದ ಬಲ

ತಿಳಿವಳಿಕೆಯೊಂದೇ ನೀರು ಉಳಿಸುವುದಿಲ್ಲ. ಕಾಲುವೆ ನೀರಿನ ಕರ ಬೆಳೆ ಮತ್ತು ಎಕರೆಯ ಲೆಕ್ಕದಲ್ಲಿದೆ, ಬಳಸಿದ ಪ್ರಮಾಣದ ಲೆಕ್ಕದಲ್ಲಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಹೀಗಿರುವಾಗ ಮಿತವಾಗಿ ಬಳಸಿದವನಿಗೆ ತಕ್ಷಣದ ಲಾಭ ಕಾಣದು.

ಆದರೆ ಸವಳು ಒಬ್ಬನ ಬದುವಿಗೆ ನಿಲ್ಲುವುದಿಲ್ಲ. ಬಸಿಗಾಲುವೆ ಹಳ್ಳ ಮುಟ್ಟಬೇಕಾದರೆ ಕೆಳಗಿನ ಹೊಲದವರೂ ಒಪ್ಪಬೇಕು. ಹೀಗೆ ಕೂಡಿ ನಡೆಸುವುದು ಇಲ್ಲಿಗೆ ಹೊಸದಲ್ಲ: 1969ರಿಂದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ತಾಲ್ಲೂಕಿನಲ್ಲಿ ಕರೆಂಟು ಹಂಚುತ್ತಿದೆ. ಮೇಲಿನ ಹೊಲದ ನೀರು ಕೆಳಗಿನ ಹೊಲವನ್ನು ಹೇಗೆ ಕೆಡಿಸುತ್ತದೆ ಎಂಬುದು ಇಬ್ಬರಿಗೂ ಒಂದೇ ರೀತಿ ಅರ್ಥವಾದಾಗ ಒಪ್ಪಂದ ಸುಲಭ. ಈ ಮೂರು ತಾಲ್ಲೂಕುಗಳಲ್ಲಿ ಶಿಕ್ಷಣ ಮಾಡಬಹುದಾದ ದೊಡ್ಡ ಕೆಲಸ ಅದೇ.