ಬ್ಲಾಗ್ ತೆರೆಯೋದು ಹತ್ತು ನಿಮಿಷ, ಬೆಳೆಸೋದು ವರ್ಷಗಟ್ಟಲೆ: ಅಂಗಡಿಯವರು ಮೊದಲೇ ತಿಳಿಯಬೇಕಾದ ಲೆಕ್ಕ

ದಾವಣಗೆರೆ: ಎಂ.ಸಿ.ಸಿ. ‘ಬಿ’ ಬ್ಲಾಕಿನ ಯಾವ ರಸ್ತೆ ಹಿಡಿದು ಹೋದರೂ ಬೋರ್ಡುಗಳಿಗೆ ಬರವಿಲ್ಲ. ಕ್ಲಿನಿಕ್, ಟ್ಯೂಷನ್, ಪಿ.ಜಿ., ಬೇಕರಿ, ಬಟ್ಟೆ ಅಂಗಡಿ. ಬೋರ್ಡು ಹಾಕಿದ ಮೇಲೆ ಬರುವ ಮುಂದಿನ ಮಾತು, "ಆನ್‌ಲೈನಲ್ಲೂ ಏನಾದ್ರೂ ಮಾಡ್ಬೇಕಲ್ರೀ." ಆಗ ಇಬ್ಬರು ಸಲಹೆಗಾರರು ಸಿಗುತ್ತಾರೆ. ಬ್ಲಾಗ್ ಮಾಡಿದರೆ ಮನೇಲಿ ಕೂತೇ ಲಕ್ಷ ದುಡೀಬಹುದು ಅನ್ನೋರು ಒಬ್ಬರು. ಕನ್ನಡದಲ್ಲಿ ಯಾರು ಓದ್ತಾರೆ ಬಿಡ್ರೀ ಅನ್ನೋರು ಇನ್ನೊಬ್ಬರು. ಇಬ್ಬರ ಮಾತೂ ಪೂರ್ತಿ ನಿಜವಲ್ಲ.

ನಿಜ ಇಷ್ಟು: ಒಂದು ಊರಿನ ಬ್ಲಾಗಿಗೆ ಜಾಹೀರಾತಿನ ದುಡ್ಡು ಬರೋದು ಕಡಿಮೆ, ಅದೂ ತಡವಾಗಿ. ಆದರೆ ಗಿರಾಕಿ ಕೌಂಟರಿನಲ್ಲಿ ದಿನಾ ಕೇಳುವ ಪ್ರಶ್ನೆಗಳಿಗೆ ಕನ್ನಡದಲ್ಲಿ ಸರಿಯಾದ ಉತ್ತರ ಬರೆದಿಟ್ಟರೆ, ಅದು ವರ್ಷಗಟ್ಟಲೆ ಅಂಗಡಿ ಪರವಾಗಿ ಮಾತಾಡುತ್ತೆ. ಇದನ್ನು ಮೊದಲೇ ತಿಳಿದು ಶುರು ಮಾಡಿದವರು ನಿಲ್ಲುತ್ತಾರೆ. ಲಕ್ಷದ ಆಸೆಗೆ ಶುರು ಮಾಡಿದವರು ಸಾಮಾನ್ಯವಾಗಿ ಹತ್ತು ಬರಹ ದಾಟೋದಿಲ್ಲ.

ಸ್ಟೇಟಸ್ ಇರುವಾಗ ಬ್ಲಾಗ್ ಯಾಕೆ?

ವಾಟ್ಸ್ಆ್ಯಪ್ ಸ್ಟೇಟಸ್ 24 ಗಂಟೆಗೆ ಮಾಯ. ಫೇಸ್‌ಬುಕ್ ಪೋಸ್ಟು ಎರಡು ದಿನ ಕಳೆದರೆ ಕೆಳಗೆ ಸರಿದು ಹೋಗುತ್ತೆ. ನೀವು ಹೋದ ವರ್ಷ ಬರೆದದ್ದನ್ನು ಈ ವರ್ಷ ಯಾರೂ ಅಲ್ಲಿ ಹುಡುಕಿ ಓದೋದಿಲ್ಲ. ಬ್ಲಾಗಿನ ಬರಹ ಹಾಗಲ್ಲ. ಅದಕ್ಕೆ ಸ್ವಂತ ವಿಳಾಸ ಇರುತ್ತೆ, ಗೂಗಲ್ಲಿನಲ್ಲಿ ಹುಡುಕಿದವರಿಗೆ ಸಿಗುತ್ತೆ.

ಇನ್ನೊಂದು ಅಪಾಯವೂ ಇದೆ. ಬೇರೆಯವರ ಜಾಗದಲ್ಲಿ ಕಟ್ಟಿದ ಅಂಗಡಿಗೆ ಭರವಸೆ ಇಲ್ಲ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಸಾವಿರಾರು ಫಾಲೋವರ್ಸ್ ಇದ್ದವರ ಕೈಯಲ್ಲಿ ಮಾರನೇ ದಿನ ಏನೂ ಉಳಿಯಲಿಲ್ಲ. ಸ್ಟೇಟಸ್ ಬಿಡಿ ಅಂತಲ್ಲ. ಸ್ಟೇಟಸ್ ಕರೆಯೋಕೆ, ಬ್ಲಾಗ್ ಉಳಿಯೋಕೆ.

ಕನ್ನಡದಲ್ಲಿ ಹೀಗೆ ನಡೆದವರು

ಕನ್ನಡ ಬ್ಲಾಗುಗಳು ಹುರುಪಿನಲ್ಲಿದ್ದದ್ದು 2005ರ ನಂತರದ ಕೆಲವು ವರ್ಷ. ಹರಿಪ್ರಸಾದ್ ನಾಡಿಗ್ 2005ರಲ್ಲಿ ಶುರು ಮಾಡಿದ ‘ಸಂಪದ’ದಲ್ಲಿ ಪತ್ರಿಕೆಯ ನಂಟಿಲ್ಲದ ಎಷ್ಟೋ ಮಂದಿ ಬರೆಯೋಕೆ ಕಲಿತರು. ಬನವಾಸಿ ಬಳಗದ ‘ಏನ್ ಗುರು ಕಾಫಿ ಆಯ್ತಾ?’ ಬ್ಲಾಗು ಬ್ಯಾಂಕು, ಅಂಗಡಿಗಳಲ್ಲಿ ಗ್ರಾಹಕನಿಗೆ ಕನ್ನಡದಲ್ಲಿ ಸೇವೆ ಸಿಗಬೇಕು ಎಂಬಂಥ ವಿಷಯಗಳನ್ನು ಬಿಡದೆ ಬರೆಯಿತು. ಆಮೇಲೆ ಓದುಗರು ಫೇಸ್‌ಬುಕ್ಕಿಗೆ ಹೋದರು, ಬರೆಯೋರೂ ಹಿಂದೆ ಹೋದರು, ಬಹಳಷ್ಟು ಬ್ಲಾಗುಗಳು ನಿಂತವು.

ಅಂಗಡಿಯವರು ನೋಡಬೇಕಾದ ಉದಾಹರಣೆ ಮಂಗಳೂರಿನದು. ಜಿ.ಎನ್. ಅಶೋಕವರ್ಧನ ಅವರು 1975ರಲ್ಲಿ ತೆರೆದ ‘ಅತ್ರಿ ಬುಕ್ ಸೆಂಟರ್’ ಎಂಬ ಪುಸ್ತಕದಂಗಡಿಯನ್ನು 2012ರಲ್ಲಿ ಮುಚ್ಚಿದರು. ಆದರೆ ಅಂಗಡಿ ಹೆಸರಿನಲ್ಲೇ ಇದ್ದ ಜಾಲತಾಣ ಮುಚ್ಚಲಿಲ್ಲ. ಪುಸ್ತಕ ವ್ಯಾಪಾರದ ಅನುಭವ, ಬೆಟ್ಟ ಹತ್ತಿದ್ದು, ಸೈಕಲ್ ಸವಾರಿ, ಯಕ್ಷಗಾನ, ತಂದೆ ಜಿ.ಟಿ. ನಾರಾಯಣರಾಯರ ಬರಹಗಳು ಎಲ್ಲವೂ ಅಲ್ಲಿ ಸೇರುತ್ತಾ ಹೋದವು. ಬಾಗಿಲು ಹಾಕಿದ ಮೇಲೂ ಅಂಗಡಿಯ ಹೆಸರು ಓದುಗರ ಬಾಯಲ್ಲಿ ಉಳಿಯಿತು. ಅಶೋಕವರ್ಧನರು ಬರೆದದ್ದು ತಾವು ಕಂಡದ್ದನ್ನು, ತಾವು ಮಾಡಿದ್ದನ್ನು. ಅದನ್ನು ಬೇರೆಯವರು ಬರೆಯೋಕೆ ಆಗ್ತಿರಲಿಲ್ಲ.

ಖರ್ಚು ಎಷ್ಟು?

* ಪುಕ್ಕಟೆ ದಾರಿ: ಗೂಗಲ್‌ನ ‘ಬ್ಲಾಗರ್’. 1999ರಲ್ಲಿ ಶುರುವಾದ ಇದನ್ನು 2003ರಲ್ಲಿ ಗೂಗಲ್ ಕೊಂಡಿತು. ಜಿಮೇಲ್ ಇದ್ದರೆ ಸಾಕು. ವಿಳಾಸದ ಕೊನೆಗೆ ‘ಬ್ಲಾಗ್‌ಸ್ಪಾಟ್’ ಅಂತ ಇರುತ್ತೆ.
* ಸ್ವಂತ ಹೆಸರು: ‘.ಇನ್’ ಅಥವಾ ‘.ಕಾಮ್’ ಡೊಮೇನ್ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನ ಬಾಬ್ತು. ಅದನ್ನು ಬ್ಲಾಗರ್‌ಗೆ ಜೋಡಿಸೋಕೆ ಗೂಗಲ್ ಬೇರೆ ದುಡ್ಡು ಕೇಳೋದಿಲ್ಲ.
* ವರ್ಡ್‌ಪ್ರೆಸ್: ಸಾಫ್ಟ್‌ವೇರ್ ಪುಕ್ಕಟೆ. ಆದರೆ ಸ್ವಂತವಾಗಿ ನಡೆಸೋಕೆ ಹೋಸ್ಟಿಂಗ್ ಬಾಡಿಗೆ ಕಟ್ಟಬೇಕು, ಅಪ್‌ಡೇಟ್, ಬ್ಯಾಕಪ್ ನೋಡ್ಕೋಬೇಕು. ಮೊದಲ ವರ್ಷಕ್ಕೆ ಬಹುತೇಕರಿಗೆ ಇದರ ಅಗತ್ಯ ಇಲ್ಲ.

ಎರಡು ಎಚ್ಚರಿಕೆ. ಒಂದು, ಮೊದಲ ವರ್ಷದ ಆಫರ್ ದರ ನೋಡಬೇಡಿ, ಎರಡನೇ ವರ್ಷದ ನವೀಕರಣ ದರ ಕೇಳಿ. ಎರಡು, ಯಾರೋ ಪ್ಯಾಕೇಜ್ ಮಾಡಿಕೊಡ್ತೀವಿ ಅಂದರೆ ಡೊಮೇನ್ ಯಾರ ಹೆಸರಿಗೆ, ಯಾವ ಇಮೇಲಿಗೆ ನೋಂದಣಿ ಆಗುತ್ತೆ ಅಂತ ಬರಹದಲ್ಲಿ ಕೇಳಿ. ಅವರ ಹೆಸರಲ್ಲಿದ್ದರೆ ನಾಳೆ ಜಗಳ ಆದಾಗ ನಿಮ್ಮ ಅಂಗಡಿ ಹೆಸರು ಅವರ ಕೈಯಲ್ಲಿ. ಮಳಿಗೆಯ ಬಾಡಿಗೆ ಕರಾರು ಓದದೆ ಸಹಿ ಹಾಕ್ತೀವಾ? ಇದೂ ಹಾಗೇ.

ನಿಜವಾದ ಖರ್ಚು ಸಮಯದ್ದು. ಒಂದು ಬರಹಕ್ಕೆ ಫೋಟೊ, ಟೈಪಿಂಗ್, ತಿದ್ದುವುದು ಸೇರಿ ಮೂರು ಗಂಟೆ ಅಂತಿಟ್ಟುಕೊಳ್ಳಿ. ವಾರಕ್ಕೊಂದು ಅಂದರೆ ವರ್ಷಕ್ಕೆ 52 ಬರಹ, 156 ಗಂಟೆ. ಇಷ್ಟು ಹೊತ್ತು ಕೊಡೋಕೆ ಆಗದಿದ್ದರೆ ಹದಿನೈದು ದಿನಕ್ಕೊಂದು ಇಟ್ಟುಕೊಳ್ಳಿ, ಆದರೆ ತಪ್ಪಿಸಬೇಡಿ.

ಕನ್ನಡದಲ್ಲಿ ಬರೆಯುವಾಗ ಆಗುವ ತೊಡಕು

ನಮ್ಮ ಡಿ.ಟಿ.ಪಿ. ಅಂಗಡಿಗಳಲ್ಲಿ ಪಾಂಪ್ಲೆಟ್ಟು, ಲಗ್ನಪತ್ರಿಕೆಗೆ ಇವತ್ತೂ ಹಳೇ ನುಡಿ, ಬರಹ ಫಾಂಟುಗಳೇ ಬಳಕೆಯಲ್ಲಿವೆ. ಆ ಬರಹವನ್ನು ಹಾಗೇ ತಂದು ಬ್ಲಾಗಿಗೆ ಅಂಟಿಸಿದರೆ ಅಕ್ಷರದ ಬದಲು ಗೊಂದಲದ ಚಿಹ್ನೆ ಕಾಣುತ್ತೆ. ಅದು ಯೂನಿಕೋಡ್ ಆಗಿರಬೇಕು. ಹಳೇ ಫೈಲುಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಾಡಿಸಿ. ಹೊಸದಾಗಿ ಬರೆಯೋರಿಗೆ ಮೊಬೈಲಿನ ಕನ್ನಡ ಕೀಬೋರ್ಡು ಸಾಕು. ಬಾಯಲ್ಲಿ ಹೇಳಿದ್ದನ್ನೇ ಅಕ್ಷರ ಮಾಡುವ ಸೌಲಭ್ಯವೂ ಇದೆ.

ಇನ್ನೊಂದು ಸಣ್ಣ ಸಂಗತಿ. ಬ್ಲಾಗರ್‌ನಲ್ಲಿ ತಲೆಬರಹ ಪೂರ್ತಿ ಕನ್ನಡದಲ್ಲಿದ್ದರೆ ಲಿಂಕು ‘ಬ್ಲಾಗ್-ಪೋಸ್ಟ್’ ಅಂತ ಅರ್ಥವಿಲ್ಲದ ಹೆಸರು ತಗೊಳ್ಳುತ್ತೆ. ಪ್ರಕಟಿಸುವ ಮುಂಚೆ ‘ಪರ್ಮಾಲಿಂಕ್’ ಎಂಬಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕೈದು ಪದ ನೀವೇ ಬರೆಯಿರಿ. ನಮ್ಮ ಜನ ಬೆಣ್ಣೆದೋಸೆಯನ್ನು ಕನ್ನಡ ಅಕ್ಷರದಲ್ಲೂ ಹುಡುಕ್ತಾರೆ, ಇಂಗ್ಲಿಷ್ ಅಕ್ಷರದಲ್ಲೂ ಹುಡುಕ್ತಾರೆ. ಎರಡೂ ಇರಲಿ.

ಏನು ಬರೆಯೋದು?

ಇಲ್ಲೇ ಹೆಚ್ಚಿನವರು ಎಡವೋದು. "ದಾವಣಗೆರೆಯ ಇತಿಹಾಸ" ಅಂತ ಶುರು ಮಾಡ್ತಾರೆ. ಅದನ್ನು ಆಗಲೇ ನೂರು ಕಡೆ ಬರೆದಾಗಿದೆ. ನಿಮ್ಮ ಕೌಂಟರಿನ ಪಕ್ಕ ಒಂದು ನೋಟ್‌ಬುಕ್ ಇಡಿ. ಒಂದು ತಿಂಗಳು ಗಿರಾಕಿಗಳು ಕೇಳಿದ ಪ್ರಶ್ನೆ ಅವರ ಮಾತಲ್ಲೇ ಬರೆದುಕೊಳ್ಳಿ. ಎರಡು ಸಲಕ್ಕಿಂತ ಹೆಚ್ಚು ಬಂದ ಪ್ರಶ್ನೆಯೇ ನಿಮ್ಮ ತಲೆಬರಹ.

* ಬೀಜ, ಗೊಬ್ಬರದ ಅಂಗಡಿ: ಮೆಕ್ಕೆಜೋಳಕ್ಕೆ ಫಾಲ್ ಸೈನಿಕ ಹುಳು ಬಿದ್ದರೆ ಮೊದಲ ಗುರುತು ಯಾವುದು, ಎಷ್ಟು ದಿನದ ಪೈರಿನಲ್ಲಿ ನೋಡಬೇಕು? ಈ ಹುಳು ದೇಶದಲ್ಲಿ ಮೊದಲು ಪತ್ತೆಯಾಗಿದ್ದೇ 2018ರಲ್ಲಿ ಪಕ್ಕದ ಶಿವಮೊಗ್ಗದಲ್ಲಿ. ಔಷಧಿ ಪ್ರಮಾಣ ಬರೆಯುವಾಗ ಕೃಷಿ ಇಲಾಖೆ ಶಿಫಾರಸು, ಲೇಬಲ್ ನೋಡಿಯೇ ಬರೆಯಿರಿ.
* ಎಂ.ಸಿ.ಸಿ. ಕಡೆಯ ಪಿ.ಜಿ., ಮನೆ ಬಾಡಿಗೆ: ಜೆ.ಜೆ.ಎಂ. ವೈದ್ಯಕೀಯ ಕಾಲೇಜಿಗೆ ಮಕ್ಕಳನ್ನು ಸೇರಿಸುವ ಪರವೂರಿನ ಪೋಷಕರು ಮೊದಲು ಕೇಳೋದೇನು? ಅಡ್ವಾನ್ಸು, ನೀರು, ಊಟ, ನಡೆದು ಹೋಗುವ ದೂರ.
* ಮಂಡಕ್ಕಿ ವ್ಯಾಪಾರಿ: ಭಟ್ಟಿಯಲ್ಲಿ ಬಿಸಿ ಮರಳಿಗೆ ಅಕ್ಕಿ ಬಿದ್ದು ಅರಳುವುದರ ಫೋಟೊ, ಮಂಡಕ್ಕಿ ಮೆತ್ತಗಾಗದಂತೆ ಇಡೋದು ಹೇಗೆ, ಮದುವೆ ಮನೆಗೆ ಎಷ್ಟು ಬೇಕಾಗುತ್ತೆ.
* ಹರಿಹರದ ಪೂಜಾ ಸಾಮಾನಿನ ಅಂಗಡಿ: ಹರಿಹರೇಶ್ವರನ ದರ್ಶನಕ್ಕೆ ಬರೋರಿಗೆ ವಾಹನ ನಿಲ್ಲಿಸುವ ಜಾಗ, ಹೊಳೆ ತುಂಬಿದಾಗ ಎಚ್ಚರ.
* ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ: ಯಾವ ರಸ್ತೆ ಬಂದ್ ಆಗುತ್ತೆ, ಅಂಗಡಿ ಸಮಯ ಏನು. ಒಮ್ಮೆ ಚೆನ್ನಾಗಿ ಬರೆದರೆ ಪ್ರತಿ ಜಾತ್ರೆಗೂ ದಿನಾಂಕ ತಿದ್ದಿದರೆ ಸಾಕು.

ಎ.ಐ. ಆ್ಯಪಿನಲ್ಲಿ ಬರೆಸಿ ದಿನಾ ಹತ್ತು ಹಾಕಿದರಾಯ್ತು ಅನ್ನೋರಿದ್ದಾರೆ. ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ರಾಶಿ ಹಾಕೋದನ್ನು ಗೂಗಲ್ 2024ರ ಮಾರ್ಚ್‌ನಿಂದ ಸ್ಪ್ಯಾಮ್ ನಿಯಮದಡಿ ತಂದಿದೆ. ಅದಕ್ಕಿಂತ ಮುಖ್ಯ, ನಿಮ್ಮ ಅಂಗಡಿ ಮುಂದೆ ನಿಂತ ಗಿರಾಕಿ ಏನು ಕೇಳಿದ ಅಂತ ಆ ಆ್ಯಪಿಗೆ ಗೊತ್ತಿಲ್ಲ.

ಓದುಗರು ಯಾವಾಗ ಬರ್ತಾರೆ?

ಮೊದಲ ತಿಂಗಳು ಓದೋದು ಮನೆಯವರು, ಸ್ನೇಹಿತರು, ಅಕ್ಕಪಕ್ಕದ ಅಂಗಡಿಯವರು. ಇದು ಸೋಲಲ್ಲ, ಎಲ್ಲರದೂ ಹೀಗೇ. ಗೂಗಲ್ ಹೊಸ ತಾಣವನ್ನು ಗುರುತಿಸಿ ಮೇಲೆ ತೋರಿಸೋಕೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ಮೂರು ಕೆಲಸ ಮಾಡಿ.

1. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಬಿಸಿನೆಸ್ ಪ್ರೊಫೈಲ್ ಮಾಡಿ. ಪುಕ್ಕಟೆ. ಅದರಲ್ಲಿ ಬ್ಲಾಗಿನ ವಿಳಾಸ ಕೊಡಿ.
2. ಸರ್ಚ್ ಕನ್ಸೋಲ್‌ಗೆ ಬ್ಲಾಗ್ ಸೇರಿಸಿ. ಇದೂ ಪುಕ್ಕಟೆ. ಜನ ಯಾವ ಪದ ಹುಡುಕಿ ನಿಮ್ಮಲ್ಲಿಗೆ ಬಂದರು ಅಂತ ಅದು ತೋರಿಸುತ್ತೆ. ಮುಂದಿನ ಬರಹದ ವಿಷಯ ಅಲ್ಲೇ ಸಿಗುತ್ತೆ.
3. ಬಿಲ್ಲಿನ ಹಿಂದೆ, ಕೌಂಟರಿನ ಮೇಲೆ ಕ್ಯು.ಆರ್. ಕೋಡ್ ಹಾಕಿ. ಪ್ರಶ್ನೆ ಕೇಳಿದ ಗಿರಾಕಿಗೆ ಆ ಬರಹದ ಲಿಂಕನ್ನೇ ಕಳಿಸಿ.

ಇತ್ತೀಚೆಗೆ ಗೂಗಲ್ ತಾನೇ ಮೇಲೆ ಎ.ಐ. ಉತ್ತರ ತೋರಿಸುತ್ತಿದೆ. ಹಾಗಾಗಿ ಸಾಮಾನ್ಯ ಜ್ಞಾನದ ಬರಹಕ್ಕೆ ಒಳಗೆ ಬಂದು ಓದೋರು ಕಡಿಮೆ ಆಗ್ತಾರೆ. ನಿಮ್ಮ ಬೀದಿಯ, ನಿಮ್ಮ ಕಸುಬಿನ ಮಾಹಿತಿಗೆ ಮಾತ್ರ ಜನ ನಿಮ್ಮ ಬಳಿಗೇ ಬರಬೇಕು.

ದುಡ್ಡಿನ ಮಾತು

ಗೂಗಲ್ ಆಡ್‌ಸೆನ್ಸ್ ಜಾಹೀರಾತಿಗೆ 18 ವರ್ಷ ತುಂಬಿರಬೇಕು. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸೋಕೆ ಅಂಚೆಯಲ್ಲಿ ಪಿನ್ ನಂಬರ್ ಬರುತ್ತೆ. ಮನೆ ನಂಬರು, ಕ್ರಾಸು, ಪಿನ್‌ಕೋಡು ಸರಿ ಇರಲಿ, ಇಲ್ಲಾಂದ್ರೆ ಕಾಗದ ತಲುಪೋದಿಲ್ಲ. 100 ಡಾಲರ್ ತುಂಬಿದ ಮೇಲಷ್ಟೇ ಬ್ಯಾಂಕಿಗೆ ಹಣ. ಊರಿನ ಒಂದು ಬ್ಲಾಗು ಈ 100 ಡಾಲರ್ ಮುಟ್ಟೋಕೆ ಬಹಳ ಕಾಲ ಹಿಡಿಯಬಹುದು. ಬಂದ ಹಣವನ್ನು ಆದಾಯ ತೆರಿಗೆ ರಿಟರ್ನಿನಲ್ಲಿ ತೋರಿಸಬೇಕು.

ಅಂಗಡಿಯವರಿಗೆ ಬೇರೆ ಲೆಕ್ಕವೇ ಸರಿ. "ನಿಮ್ಮ ಬರಹ ಓದಿ ಬಂದೆ" ಅಂದ ಗಿರಾಕಿಗಳನ್ನು ಅದೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ತಿಂಗಳಿಗೆ ಐದು ಜನ ಬಂದರೂ ಅದು ಜಾಹೀರಾತಿನ ಕಾಸಿಗಿಂತ ದೊಡ್ಡದು.

ಬೇರೆ ಅಂಗಡಿಯವರಿಂದ ದುಡ್ಡು ಅಥವಾ ಸಾಮಾನು ತಗೊಂಡು ಹೊಗಳಿ ಬರೆದರೆ ‘ಇದು ಜಾಹೀರಾತು’ ಅಂತ ಸ್ಪಷ್ಟವಾಗಿ ಹಾಕಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ.

ಬರೆಯುವ ಮುನ್ನ ಎಚ್ಚರ

* ಇನ್ನೊಬ್ಬರ ಫೋಟೊ, ಪತ್ರಿಕೆಯ ಸುದ್ದಿ ಎತ್ತಿ ಹಾಕಬೇಡಿ. ಕೃತಿಸ್ವಾಮ್ಯ ಕಾಯ್ದೆ ಬ್ಲಾಗಿಗೂ ಅನ್ವಯಿಸುತ್ತೆ.
* ಪಕ್ಕದ ಅಂಗಡಿಯ ಮೇಲೆ ಆಧಾರವಿಲ್ಲದೆ ಬರೆದರೆ ಅದು ಮಾನನಷ್ಟ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ನೋಡಿ.
* ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ, ಮಕ್ಕಳ ಗುರುತು ಬಯಲು ಮಾಡೋದು ಅಪರಾಧ. ಊರು, ಶಾಲೆ, ಬೀದಿ ಹೇಳಿದರೂ ಗುರುತು ಹೇಳಿದಂತೆಯೇ.
* ಗಿರಾಕಿಯ ಫೋಟೊ, ಫೋನ್ ನಂಬರ್ ಕೇಳದೆ ಹಾಕಬೇಡಿ.

ಆರು ತಿಂಗಳ ಪರೀಕ್ಷೆ

ಮೊದಲ ತಿಂಗಳು ಪ್ರಶ್ನೆ ಕೂಡಿಸಿ, ನಾಲ್ಕು ಬರಹ ಬರೆದಿಟ್ಟುಕೊಂಡ ಮೇಲೆ ಬ್ಲಾಗ್ ತೆರೆಯಿರಿ. ಮೂರನೇ ತಿಂಗಳವರೆಗೆ ಎಷ್ಟು ಜನ ಓದಿದರು ಅನ್ನೋ ಅಂಕಿ ನೋಡಲೇಬೇಡಿ. ಆರನೇ ತಿಂಗಳಿಗೆ ಎರಡು ಮಾತ್ರ ಕೇಳಿಕೊಳ್ಳಿ: ಬರೆಯೋದು ತಪ್ಪಿಸಿದ್ದೀನಾ? ಗೊತ್ತಿಲ್ಲದ ಒಬ್ಬರಾದರೂ ಓದಿ ಅಂಗಡಿಗೆ ಬಂದರಾ? ಮೊದಲನೆಯದಕ್ಕೆ ‘ಇಲ್ಲ’, ಎರಡನೆಯದಕ್ಕೆ ‘ಹೌದು’ ಅಂತಾದರೆ ಸ್ವಂತ ಡೊಮೇನ್ ಕೊಳ್ಳಿ, ಮುಂದುವರಿಯಿರಿ. ಎರಡೂ ಉಲ್ಟಾ ಆದರೆ ನಿಲ್ಲಿಸೋದರಲ್ಲಿ ನಾಚಿಕೆ ಇಲ್ಲ. ಬರೆದಷ್ಟನ್ನು ಮಾತ್ರ ಅಳಿಸಬೇಡಿ. ಅಂಗಡಿ ಸಮಯ, ಫೋನ್ ನಂಬರ್ ಸರಿಪಡಿಸಿ ಬಿಟ್ಟರೆ ಅದು ತನ್ನ ಪಾಡಿಗೆ ಗಿರಾಕಿಗೆ ದಾರಿ ತೋರಿಸುತ್ತಿರುತ್ತೆ.